ಕ್ಲೊನೋವಾ ಹೀರೋಸ್: ನೆಗೆಯುವ ನಾಯಕನಿಗೆ ಲೆವೆಲ್ ಬೇಕಿತ್ತೇ?

ಗಾಳಿಯುಂಗುರ

ಕ್ಲೊನೋವಾ ಎಂದ ಕೂಡಲೇ ಬಹಳ ಮಂದಿಗೆ ನೆನಪಾಗುವುದು 1997ರ ಕೊನೆಯಲ್ಲಿ ಜಪಾನಿನಲ್ಲಿ ಬಂದ ಪ್ಲೇಸ್ಟೇಷನ್ ಆಟ, ಇಲ್ಲವೇ 2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಎರಡನೆಯದು. ಉದ್ದ ಕಿವಿ, ನೀಲಿ ಟೋಪಿ, ಕೈಯಲ್ಲೊಂದು ಗಾಳಿಯ ಉಂಗುರ. ಅದೇ ನಾಯಕನನ್ನು ನ್ಯಾಮ್ಕೋ ಸಂಸ್ಥೆ 2002ರ ಡಿಸೆಂಬರಿನಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಎಂಬ ನಿಂಟೆಂಡೊ ಕೈಯಂತ್ರಕ್ಕೆ ಆ್ಯಕ್ಷನ್ ಆರ್‌ಪಿಜಿಯಾಗಿ, ಅಂದರೆ ಹೊಡೆದಾಡುತ್ತ ನಾಯಕನ ಬಲ ಬೆಳೆಸುವ ಆಟವಾಗಿ, ತಂದಿತು: 'ಕ್ಲೊನೋವಾ ಹೀರೋಸ್: ದೆನ್ಸೆತ್ಸು ನೋ ಸ್ಟಾರ್ ಮೆಡಲ್'. ಜಪಾನ್ ಬಿಟ್ಟು ಬೇರೆಲ್ಲೂ ಅದು ಬಿಡುಗಡೆಯಾಗಲಿಲ್ಲ. ಅಭಿಮಾನಿಗಳು ಮಾಡಿದ ಇಂಗ್ಲಿಷ್ ಅನುವಾದ ಬಂದ ಮೇಲೆಯೇ ನಮ್ಮಂಥವರಿಗೆ ಕಥೆಯ ತಲೆಬುಡ ಗೊತ್ತಾದದ್ದು.

ಈಗ ನನ್ನ ತಕರಾರು. ಮೂಲ ಆಟದ ಜೀವ ಇರುವುದು ಎರಡೇ ಬಟನ್‌ಗಳಲ್ಲಿ. ಒಂದು ನೆಗೆತಕ್ಕೆ, ಇನ್ನೊಂದು ಗಾಳಿಯ ಗುಂಡಿಗೆ. ಗುಂಡು ತಗುಲಿದ ಶತ್ರು ಬಲೂನಿನಂತೆ ಉಬ್ಬಿ ಕ್ಲೊನೋವಾನ ತಲೆಯ ಮೇಲೆ ಬಂದು ಕೂರುತ್ತಾನೆ. ಅವನನ್ನು ಮುಂದಕ್ಕೆ ಎಸೆಯಬಹುದು, ತೆರೆಯ ಆಳಕ್ಕೂ ಎಸೆಯಬಹುದು. ಗಾಳಿಯಲ್ಲಿರುವಾಗ ಮತ್ತೆ ನೆಗೆತ ಒತ್ತಿದರೆ ಅವನನ್ನೇ ಕೆಳಕ್ಕೆ ತಳ್ಳಿ ಎರಡನೆಯ ನೆಗೆತ ಪಡೆಯಬಹುದು. ಮೇಲೇರುವ ದಾರಿಯಲ್ಲಿ ಇನ್ನೊಬ್ಬ ಶತ್ರು ಕೈಗೆಟುಕಿದರೆ ಅವನನ್ನೂ ಹಿಡಿದು, ತಳ್ಳಿ, ಮತ್ತೂ ಮೇಲಕ್ಕೆ. ಅಂದರೆ ಈ ಆಟದಲ್ಲಿ ಶತ್ರು ಒಂದು ಅಡ್ಡಿ, ಒಂದು ಅಸ್ತ್ರ, ಒಂದು ಏಣಿ. ಅವನನ್ನು ಎಲ್ಲಿ ನಿಲ್ಲಿಸಬೇಕು ಎಂಬುದೇ ಹಂತದ ವಿನ್ಯಾಸ. ಸುಮ್ಮನೆ ಕೊಂದು ಮುಗಿಸಿದರೆ ಮುಂದಿನ ಕಟ್ಟೆ ಹತ್ತಲು ನಿಮ್ಮಲ್ಲಿ ಏನೂ ಉಳಿಯುವುದಿಲ್ಲ.

ಹೀರೋಸ್‌ನಲ್ಲಿ ನೋಟ ಓರೆಯಾಗಿ ಮೇಲಿನಿಂದ. ಶತ್ರುವನ್ನು ಹೊಡೆಯಬೇಕು, ಅನುಭವದ ಅಂಕ ಗಳಿಸಬೇಕು, ಲೆವೆಲ್ ಏರಬೇಕು, ಆಯುಧ ಬದಲಿಸಬೇಕು. ಒಬ್ಬೊಬ್ಬ ಶತ್ರುವೂ ಒಂದಿಷ್ಟು ಅಂಕ. ಅದೇ ದುಂಡನೆಯ 'ಮೂ' ಎಂಬ ಶತ್ರುಗಳು ಎದುರು ಬರುತ್ತವೆ. ಮೊದಲು ಅವನ್ನು ಕಂಡಾಗ "ಇದನ್ನು ಎಲ್ಲಿಗೆ ಒಯ್ಯಲಿ" ಎಂದು ಯೋಚಿಸುತ್ತಿದ್ದ ನಾನು ಇಲ್ಲಿ "ಇದು ಎಷ್ಟು ಕೊಡುತ್ತದೆ" ಎಂದು ಯೋಚಿಸುತ್ತೇನೆ. ಆಟ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಖುಷಿಯಿಂದಲೇ ಮುಗಿಸಿದ್ದೇನೆ. ಆದರೆ ಪ್ಲಾಟ್‌ಫಾರ್ಮರ್‌ನ, ಅಂದರೆ ನೆಗೆದು ದಾಟುವ ಆಟದ, ನಾಯಕನನ್ನು ಆರ್‌ಪಿಜಿಗೆ ಕರೆತರುವಾಗ ಅವನ ಕೈಚಳಕ ಜೊತೆಗೆ ಬರಬೇಕು. ಕಿವಿ, ಟೋಪಿ, "ವಾಹೂ" ಎಂಬ ಕೂಗು ಮಾತ್ರ ಬಂದರೆ ಅದು ವೇಷ ಅಷ್ಟೇ. ನೀವೇನು ಹೇಳುತ್ತೀರಿ?

ಹಳೆಕಾರ್ಟ್ರಿಜ್

ಪ್ರಶ್ನೆ ಚೆನ್ನಾಗಿದೆ, ತೀರ್ಪು ಅವಸರದ್ದು.

ಹೀರೋಸ್ ಬರುವ ಹೊತ್ತಿಗೆ ಕ್ಲೊನೋವಾನ ನೆಗೆತದ ಒಗಟುಗಳನ್ನು ಕೈಯಂತ್ರಗಳಲ್ಲಿ ಸಾಕಷ್ಟು ಅರೆದಾಗಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 1999ರಲ್ಲಿ ವಂಡರ್‌ಸ್ವಾನ್ ಯಂತ್ರಕ್ಕೆ 'ಮೂನ್‌ಲೈಟ್ ಮ್ಯೂಸಿಯಂ' ಬಂತು. 2001ರಲ್ಲಿ ಅಡ್ವಾನ್ಸ್‌ಗೆ 'ಎಂಪೈರ್ ಆಫ್ ಡ್ರೀಮ್ಸ್' ಬಂತು. ನಿದ್ದೆ ಬಾರದ ಚಕ್ರವರ್ತಿ ಇಡೀ ರಾಜ್ಯದಲ್ಲಿ ಕನಸು ಕಾಣುವುದನ್ನೇ ನಿಷೇಧಿಸುವ ಕಥೆ ಅದು. 2002ರಲ್ಲಿ ಜಪಾನಿಗೆ 'ಡ್ರೀಮ್ ಚಾಂಪ್ ಟೂರ್ನಮೆಂಟ್' ಬಂತು. ಅಮೆರಿಕಕ್ಕೆ ತಲುಪಿದ್ದು 2005ರಲ್ಲಿ. ಮೂರರದ್ದೂ ಒಂದೇ ಸೂತ್ರ. ಹಂತದಲ್ಲಿರುವ ಮೂರು ನಕ್ಷತ್ರ ಹುಡುಕು, ಬಾಗಿಲು ತೆರೆ. ಶತ್ರುವನ್ನು ಹಿಡಿ, ಪೆಟ್ಟಿಗೆ ಸರಿಸು, ನೆಗೆ. ಮೂರೂ ನನಗೆ ಇಷ್ಟ, ಆದರೂ ನಾಲ್ಕನೆಯ ಬಾರಿಗೆ ಅದೇ ಬಡಿಸಿದ್ದರೆ "ಇವರಿಗೆ ಬೇರೆ ಯೋಚನೆಯೇ ಇಲ್ಲವೇ" ಎಂದು ನಾವೇ ಮೂಗು ಮುರಿಯುತ್ತಿದ್ದೆವು.

ಇನ್ನೊಂದು. ಗಂಟ್ಸ್ ಮತ್ತು ಪಾಂಗೋ ಎಂಬ ಪಾತ್ರಗಳು 'ಡ್ರೀಮ್ ಚಾಂಪ್'ನಲ್ಲೇ ಇದ್ದರು, ಆದರೆ ಅಲ್ಲಿ ಎದುರಾಳಿಗಳು. ಹೀರೋಸ್‌ನಲ್ಲಿ ಅವರನ್ನೇ ನೀವು ಆಡಿಸುತ್ತೀರಿ. ಕ್ಲೊನೋವಾ ಹತ್ತಿರ ಹೋಗಿ ಹೊಡೆಯುವವನು, ಗಂಟ್ಸ್ ದೂರ ನಿಂತು ಬಂದೂಕು ಹಾರಿಸುವವನು, ಪಾಂಗೋ ಬಾಂಬ್ ಇಡುವವನು. ಕೈಚಳಕ ಹೋಯಿತು ಎನ್ನುತ್ತೀರಿ. ಒಂದರ ಜಾಗಕ್ಕೆ ಮೂರು ಬಂದಿವೆ.

ನೆಗೆತಪ್ರಿಯೆ

ಹಳೆಕಾರ್ಟ್ರಿಜ್ ಅವರೇ, ಮೂರು ಬಂದದ್ದು ನಿಜ, ಆದರೆ ಮೂರೂ ಬೇರೆಯವರ ಮನೆಯಿಂದ ಬಂದವು. ಹತ್ತಿರದ ಹೊಡೆತ, ದೂರದ ಗುಂಡು, ಬಾಂಬ್. ಇದನ್ನು ಯಾವ ಆ್ಯಕ್ಷನ್ ಆರ್‌ಪಿಜಿಯೂ ಕೊಡುತ್ತದೆ. ಗಾಳಿಯುಂಗುರ ಅವರು ಕೇಳುತ್ತಿರುವುದು ಕ್ಲೊನೋವಾನಲ್ಲದೆ ಬೇರೆ ಯಾರಿಂದಲೂ ಆಗದ್ದು ಎಲ್ಲಿ ಹೋಯಿತು ಎಂದು.

ಹೋಲಿಕೆಗೆ 2003ರ 'ಮಾರಿಯೋ ಆ್ಯಂಡ್ ಲುಯಿಗಿ: ಸೂಪರ್‌ಸ್ಟಾರ್ ಸಾಗಾ' ನೋಡಿ. ಯಂತ್ರ ಅದೇ ಅಡ್ವಾನ್ಸ್. ಕಾದಾಟ ಸರದಿಯ ಮೇಲೆ ನಡೆಯುವುದರಿಂದ ಅದು ಆ್ಯಕ್ಷನ್ ಆರ್‌ಪಿಜಿ ಅಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು, ಆಕ್ಷೇಪಿಸಲಿ. ಅಲ್ಲಿ ಎ ಬಟನ್ ಎಂದರೆ ಮಾರಿಯೋನ ನೆಗೆತ, ಬಿ ಬಟನ್ ಎಂದರೆ ಲುಯಿಗಿಯ ನೆಗೆತ. ಕಾದಾಟದಲ್ಲಿ ಹೀಗೆ; ಊರಲ್ಲಿ ಓಡಾಡುವಾಗಲೂ ನೆಗೆತ ಇದೇ ಎರಡು ಬಟನ್‌ಗಳಲ್ಲೇ. ಶತ್ರು ಓಡಿಬಂದು ಮಾರಿಯೋಗೆ ಗುದ್ದುವ ಕ್ಷಣಕ್ಕೆ ಎ ಒತ್ತಿದರೆ ಅವನು ನೆಗೆಯುತ್ತಾನೆ. ಪೆಟ್ಟು ತಪ್ಪುತ್ತದೆ, ಕೆಲವೊಮ್ಮೆ ಶತ್ರುವಿನ ತಲೆಯ ಮೇಲೇ ಇಳಿದು ತಿರುಗಿ ಪೆಟ್ಟು ಕೊಡುತ್ತಾನೆ. ಎಷ್ಟೇ ದೊಡ್ಡ ದಾಳಿಯಾದರೂ ಸಮಯ ಸರಿಯಾಗಿ ಹಿಡಿದರೆ ಮೈಗೆ ತಾಕುವುದಿಲ್ಲ. ಅಂಕಿಗಳು ಇವೆ, ಆದರೆ ಅವುಗಳ ಯಜಮಾನ ನೆಗೆತ. ಎರಡು ದಶಕಗಳ ಪ್ಲಾಟ್‌ಫಾರ್ಮರ್ ಪರಂಪರೆಯನ್ನು ಒಂದು ಹೆಬ್ಬೆರಳಿನ ಕೆಳಗೆ ಇಟ್ಟುಬಿಟ್ಟರು.

(ಅದರಲ್ಲಿ ಮೀಸೆಗೂ ಒಂದು ಅಂಕಿಯಿದೆ. ಮೀಸೆ ಬೆಳೆದಷ್ಟೂ ಅದೃಷ್ಟದ ಹೊಡೆತ ಹೆಚ್ಚು, ಅಂಗಡಿಯಲ್ಲಿ ಬೆಲೆ ಕಡಿಮೆ. ಆರ್‌ಪಿಜಿಯ ಕೋಷ್ಟಕವನ್ನು ಇಷ್ಟು ಚೆನ್ನಾಗಿ ಗೇಲಿ ಮಾಡಿದ ಇನ್ನೊಂದು ಆಟ ನಾನು ಕಂಡಿಲ್ಲ.)

ಲೆಕ್ಕಾಚಾರಿ

ಲೆವೆಲ್ ಬಂದ ಕೂಡಲೇ ಕೈಚಳಕ ಸಾಯುತ್ತದೆ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅದು ಯಾವ ಲೆಕ್ಕದಿಂದ ಸಾಯುತ್ತದೆ ಎಂದು ಯಾರೂ ನೋಡುವುದಿಲ್ಲ. ಇದು ಹೀರೋಸ್‌ನ ಒಳಗಿನ ಸೂತ್ರದ ಮಾತಲ್ಲ, ಎಲ್ಲ ಆ್ಯಕ್ಷನ್ ಆರ್‌ಪಿಜಿಗಳಿಗೂ ಸಲ್ಲುವ ಸಾಮಾನ್ಯ ಮಾತು.

ದಾಳಿಯಿಂದ ರಕ್ಷಣೆಯನ್ನು ಕಳೆದು ಪೆಟ್ಟಿನ ಪ್ರಮಾಣ ತೆಗೆಯುವ ಆಟ ಎಂದಿಟ್ಟುಕೊಳ್ಳಿ. ಶತ್ರುವಿನ ರಕ್ಷಣೆ 8, ಜೀವ 20. ನಿಮ್ಮ ದಾಳಿ 10 ಇದ್ದರೆ ಒಂದು ಹೊಡೆತಕ್ಕೆ 2, ಅಂದರೆ ಹತ್ತು ಹೊಡೆತ ಬೇಕು. ಒಂದೆರಡು ಲೆವೆಲ್ ಏರಿ ದಾಳಿ 12 ಆಯಿತು ಎನ್ನಿ. ಒಂದು ಹೊಡೆತಕ್ಕೆ 4, ಐದೇ ಹೊಡೆತ. 18 ಆದರೆ ಎರಡು ಹೊಡೆತದಲ್ಲಿ ಮುಗಿಯಿತು. ದಾಳಿ ಇಮ್ಮಡಿಯೂ ಆಗಿಲ್ಲ, ಕಾದಾಟದ ಉದ್ದ ಐದನೆಯ ಒಂದು ಭಾಗಕ್ಕೆ ಇಳಿದಿದೆ. ಶತ್ರು ತನ್ನ ಚಲನೆ ತೋರಿಸುವ ಮೊದಲೇ ಸತ್ತರೆ ಆ ಚಲನೆಯನ್ನು ನೀವು ಕಲಿಯುವುದಾದರೂ ಯಾವಾಗ? ಅದೇ ದಾಳಿ ಮತ್ತು ರಕ್ಷಣೆಯ ಅನುಪಾತದಿಂದ ಪೆಟ್ಟು ತೆಗೆಯುವ ಆಟದಲ್ಲಿ 10 ರಿಂದ 12ಕ್ಕೆ ಏರಿದರೆ ಸಿಗುವುದು ಐದನೆಯ ಒಂದು ಭಾಗದಷ್ಟು ಹೆಚ್ಚುವರಿ ಬಲ ಮಾತ್ರ. ಅಲ್ಲಿ ಕೈಚಳಕ ಬಹಳ ಹೊತ್ತು ಬದುಕುತ್ತದೆ.

ಪ್ಲಾಟ್‌ಫಾರ್ಮರ್‌ನಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಕಂದಕಕ್ಕೆ ಜೀವದ ಅಂಕಿ ಇರುವುದಿಲ್ಲ. ನಿಮ್ಮ ಲೆವೆಲ್ ಎಷ್ಟೇ ಇರಲಿ, ಬಿದ್ದರೆ ಬಿದ್ದಿರಿ.

ನಿಧಾನಿ

ನೀವೆಲ್ಲ ಚುರುಕು ಬೆರಳಿನವರು, ನಿಮಗೆ ಲೆವೆಲ್ ಅಡ್ಡಿಯಾಗಿ ಕಾಣುತ್ತದೆ. ನನ್ನ ಕಡೆಯಿಂದ ನೋಡಿ.

ಮೂಲ ಕ್ಲೊನೋವಾ ನೋಡಲು ಮುದ್ದು, ಆಡಲು ಕೊನೆಕೊನೆಗೆ ಕಠಿಣ. ಗಾಳಿಯಲ್ಲೇ ಒಬ್ಬನಾದ ಮೇಲೆ ಒಬ್ಬನನ್ನು ಹಿಡಿದು ಏರುವ ಜಾಗಗಳಲ್ಲಿ ಒಂದು ಸಲ ಬೆರಳು ತಡವಾದರೆ ಕೆಳಗಿನಿಂದ ಮತ್ತೆ ಶುರು. ಅಂಥಲ್ಲಿ ನನಗೆ ಕಥೆ ನಿಂತುಹೋಗುತ್ತದೆ. ಹೀರೋಸ್‌ನಲ್ಲಿ ಬಾಸ್, ಅಂದರೆ ದಾರಿಗೆ ಅಡ್ಡ ನಿಲ್ಲುವ ದೊಡ್ಡ ಶತ್ರುವನ್ನು, ಗೆಲ್ಲಲಾಗದಿದ್ದರೆ ಹಿಂದಿನ ಹಂತಕ್ಕೆ ಹೋಗಿ ಒಂದಷ್ಟು ಹೊತ್ತು ಆಡಿ, ಬಲಿತು ಬರಬಹುದು. ಸೋತ ಆಟವೂ ಪೂರ್ತಿ ವ್ಯರ್ಥವಲ್ಲ ಎಂಬ ಸಮಾಧಾನ ಸಿಗುತ್ತದೆ. ಮುದ್ದು ನಾಯಕನನ್ನು ನೋಡಿ ಆಟ ಎತ್ತಿಕೊಳ್ಳುವವರು ಬಹುಪಾಲು ನನ್ನಂಥವರೇ. ನಮ್ಮನ್ನು ಬಾಗಿಲಲ್ಲೇ ನಿಲ್ಲಿಸುವ ಕೈಚಳಕಕ್ಕಿಂತ ಒಳಗೆ ಕರೆದುಕೊಳ್ಳುವ ಅಂಕಿ ವಾಸಿ.

2022ರ ಜುಲೈನಲ್ಲಿ ಮೊದಲೆರಡು ಆಟಗಳನ್ನು ಸೇರಿಸಿ 'ಫ್ಯಾಂಟಸಿ ರೆವರಿ ಸೀರೀಸ್' ಎಂದು ಮತ್ತೆ ತಂದಾಗ ಅದರಲ್ಲೂ ಸುಲಭ ಮಟ್ಟ ಇಟ್ಟಿದ್ದರು. ತಯಾರಕರಿಗೂ ಇದು ಗೊತ್ತು ಎಂದಾಯಿತು.

ಗುಲಾಬಿಗೋಳ

ಇದೇ ಗದ್ದಲ ನಿಂಟೆಂಡೊದ ಗುಲಾಬಿ ಗುಂಡು ನಾಯಕ ಕರ್ಬಿಯ ಬಳಗದಲ್ಲೂ ನಡೆದಿದೆ. 2017ರಲ್ಲಿ ನಿಂಟೆಂಡೊ 3ಡಿಎಸ್‌ಗೆ 'ಟೀಮ್ ಕರ್ಬಿ ಕ್ಲ್ಯಾಷ್ ಡೀಲಕ್ಸ್' ಬಂತು. ಅದರ ಹಿಂದಿನ ವರ್ಷದ 'ಪ್ಲಾನೆಟ್ ರೋಬೋಬಾಟ್'ನೊಳಗೆ ಇದ್ದ ಒಂದು ಕಿರು ಆಟವನ್ನೇ ಬೆಳೆಸಿದ್ದು. ನಾಲ್ಕು ಕರ್ಬಿಗಳು, ನಾಲ್ಕು ವೃತ್ತಿ: ಕತ್ತಿಯ ವೀರ, ಸುತ್ತಿಗೆಯವನು, ಮದ್ದು ಕೊಡುವ ವೈದ್ಯ, ಕಿರಣದ ಮಾಂತ್ರಿಕ. ಲೆವೆಲ್ ಇದೆ, ಕವಚ ಇದೆ, ಬಾಸ್‌ಗಳ ಸಾಲು ಇದೆ.

ಇಲ್ಲದ್ದು ಏನು? ಕರ್ಬಿ ಬಾಯಿ ತೆರೆದು ಎಳೆದುಕೊಳ್ಳುವುದು! ಎದುರಿನವನನ್ನು ನುಂಗಿ ಅವನ ಶಕ್ತಿ ಪಡೆಯುವುದೇ ಕರ್ಬಿಯ ಗುರುತು. ಇಲ್ಲಿ ಕಾದಾಟಕ್ಕೆ ಮೊದಲೇ ವೃತ್ತಿ ಆರಿಸಿ ಹೋಗಬೇಕು, ನಡುವೆ ಬದಲಿಸುವ ಮಾತಿಲ್ಲ. ಗಾಳಿಯುಂಗುರ ಅವರ ಅಳತೆಗೋಲು ಹಿಡಿದರೆ ಇದು ಪೂರ್ತಿ ವೇಷವೇ ಆಗಬೇಕು. ಆದರೆ ನನಗೆ ಹಾಗೆ ಅನ್ನಿಸಲಿಲ್ಲ. ಮಾಂತ್ರಿಕ ಶಕ್ತಿ ತುಂಬಿಸಿಕೊಂಡು ಸಮಯವನ್ನೇ ನಿಲ್ಲಿಸುತ್ತಾನೆ, ಆ ನಾಲ್ಕಾರು ಕ್ಷಣಗಳಲ್ಲಿ ಉಳಿದ ಮೂವರು ಬಾಸ್‌ನ ಮೇಲೆ ಬೀಳುತ್ತಾರೆ. ಬಾಸ್ ಉದುರಿಸಿದ ಫಲಕದ ಚೂರುಗಳನ್ನು ಕೂಡಿಸಿದರೆ ನಾಲ್ವರೂ ಸೇರಿ ಒಂದೇ ಹೊಡೆತ ಹೊಡೆಯುತ್ತಾರೆ. ಕರ್ಬಿಯ ಕೈಚಳಕ ಅಲ್ಲಿಲ್ಲ, ಕರ್ಬಿಯ ಮನಸ್ಸು ಇದೆ: ಯಾರ ಮೇಲೂ ಹಗೆಯಿಲ್ಲದ, ಒಟ್ಟಾಗಿ ಗಲಾಟೆ ಮಾಡುವ ಉತ್ಸಾಹ.

ನನಗೆ ಅದರಲ್ಲಿ ಕೋಪ ಬರುವುದು ಬೇರೆ ಕಾರಣಕ್ಕೆ. ಉಚಿತ ಆಟವೆಂದು ಕೊಟ್ಟು, ಒಂದೊಂದು ಕಾದಾಟಕ್ಕೂ ಹುರುಪು ಖರ್ಚಾಗುವಂತೆ ಮಾಡಿ, ಅದು ತುಂಬುವವರೆಗೆ ಕಾಯಿಸಿ, ಕಾಯಲಾಗದವರಿಗೆ ರತ್ನದ ಸೇಬು ಮಾರುತ್ತಾರೆ. ಲೆವೆಲ್ ಬಂದಾಗ ಹಿಂದಿನ ಬಾಗಿಲಿನಿಂದ ಇದೂ ಬರುತ್ತದೆ. ಈಗಂತೂ 3ಡಿಎಸ್‌ನ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿದ ಮೇಲೆ ಹೊಸದಾಗಿ ಇಳಿಸಿಕೊಳ್ಳಲೂ ದಾರಿಯಿಲ್ಲ. 2019ರಲ್ಲಿ ಸ್ವಿಚ್‌ಗೆ ಬಂದ 'ಸೂಪರ್ ಕರ್ಬಿ ಕ್ಲ್ಯಾಷ್' ಇದೆ.

ಗಾಳಿಯುಂಗುರ

ಗುಲಾಬಿಗೋಳ ಅವರೇ, "ಕೈಚಳಕ ಇಲ್ಲ, ಮನಸ್ಸು ಇದೆ" ಎಂಬ ಮಾತು ಚೆಂದ, ಆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು. ಆಟದಲ್ಲಿ ಮನಸ್ಸು ನನಗೆ ಕಾಣುವುದು ಬೆರಳಿನ ಮೂಲಕವೇ.

ಇದಕ್ಕೆ ಉಲ್ಟಾ ಉದಾಹರಣೆ ಬೇಕಿದ್ದರೆ 2008ರ 'ಸೋನಿಕ್ ಕ್ರಾನಿಕಲ್ಸ್' ಇದೆ. ನಿಂಟೆಂಡೊ ಡಿಎಸ್‌ಗೆ ಬಯೋವೇರ್ ಮಾಡಿದ್ದು, ಆರ್‌ಪಿಜಿ ಕಟ್ಟುವುದರಲ್ಲಿ ಆ ಸಂಸ್ಥೆಗೆ ಸಾಟಿ ಯಾರಿದ್ದರು? ಆದರೆ ಓಟವೇ ಉಸಿರಾದ ಸೋನಿಕ್ ಅಲ್ಲಿ ತನ್ನ ಸರದಿಗಾಗಿ ಕಾಯುತ್ತಾ ನಿಲ್ಲುತ್ತಾನೆ. ವಿಶೇಷ ದಾಳಿಗೆ ತೆರೆಯ ಮೇಲೆ ಮೂಡುವ ವೃತ್ತಗಳನ್ನು ಸ್ಟೈಲಸ್‌ನಿಂದ ಮುಟ್ಟಬೇಕು. ಶತ್ರು ಓಡಿಹೋಗುವಾಗ ಬೆನ್ನಟ್ಟುವ ಚಿಕ್ಕ ಭಾಗವೊಂದಿದೆ; ಇಡೀ ಕಾದಾಟದಲ್ಲಿ ಸೋನಿಕ್ ಸೋನಿಕ್‌ನಂತೆ ಕಾಣುವುದು ಆಗ ಮಾತ್ರ. ಪಾತ್ರಗಳು ಸರಿ, ಸಂಭಾಷಣೆ ಸರಿ, ಲೆವೆಲ್ ಸರಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನಾಯಕ ಒಂದು ಕಡೆ, ಪದ್ಧತಿ ಇನ್ನೊಂದು ಕಡೆ.

ಹೊಸಬ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಕ್ಲೊನೋವಾ ಒಂದನ್ನೂ ಆಡಿಲ್ಲ. ನೇರವಾಗಿ ಹೀರೋಸ್ ಶುರು ಮಾಡಿದರೆ ಕಥೆ ಅರ್ಥವಾಗುತ್ತದೆಯೇ? ಜಂಗಾ ಎಂಬ ಬೆಕ್ಕಿನ ಚಿತ್ರ ನೋಡಿದೆ, ಮುದ್ದು ಆಟದಲ್ಲಿ ಅಂಥ ಮುಖ ಏಕೆ ಎಂದು ಆಶ್ಚರ್ಯವಾಯಿತು.

ಹಳೆಕಾರ್ಟ್ರಿಜ್

ಹೊಸಬರೇ, ಧಾರಾಳವಾಗಿ ಶುರು ಮಾಡಿ. ಹಿಂದಿನ ಆಟಗಳ ಕಥೆಗೆ ಬಿಗಿಯಾಗಿ ಜೋತುಬಿದ್ದಿಲ್ಲ. ಹಳೆಯ ಪರಿಚಿತರು ಅಲ್ಲಲ್ಲಿ ಬರುತ್ತಾರೆ, ಬಂದವರನ್ನು ಆಟವೇ ಪರಿಚಯಿಸುತ್ತದೆ. ಕ್ಲೊನೋವಾಗೆ ವೀರನಾಗುವ ಆಸೆ. ಗಂಟ್ಸ್‌ಗೆ ತಂದೆಯನ್ನು ಕೊಂದವನ ಮೇಲೆ ಸೇಡು. ಪಾಂಗೋಗೆ ಕಾಯಿಲೆ ಬಿದ್ದ ಮಗನ ಚಿಂತೆ. ಮೂರು ಬೇರೆ ಬೇರೆ ಕಾರಣಕ್ಕೆ ಹೊರಟವರು ಒಂದು ದಾರಿಯಲ್ಲಿ ಸೇರುತ್ತಾರೆ. ನೀವು ಕಂಡ ಆ ವಿಷದ ಉಗುರಿನ ಬೆಕ್ಕಿಗೂ ಗಂಟ್ಸ್‌ನ ಸೇಡಿಗೂ ಸಂಬಂಧವಿದೆ. ಇಷ್ಟು ಆಟದ ಮೊದಲ ಭಾಗದಲ್ಲೇ ತಿಳಿಯುವುದರಿಂದ ಗುಟ್ಟು ಬಯಲು ಮಾಡಿದಂತಾಗದು.

ಮುದ್ದು ಮುಖ, ಕಹಿ ಕಥೆ ಎಂಬುದು ಈ ಸರಣಿಯ ಹಳೆಯ ಚಾಳಿ. ಮೊದಲ ಆಟದ ಕೊನೆಯಲ್ಲಿ ಏನಾಗುತ್ತದೆ ಎಂದು

ನಿರ್ವಾಹಕ

ಹಳೆಕಾರ್ಟ್ರಿಜ್ ಅವರ ಬರಹದ ಉಳಿದ ನಾಲ್ಕು ಸಾಲುಗಳನ್ನು ತೆಗೆದಿದ್ದೇನೆ. ಆಟ 1997ರದ್ದಾಗಿರಬಹುದು, ಹೊಸಬರು ಇವತ್ತಿನವರು. ಮೊದಲ ಕ್ಲೊನೋವಾದ ಅಂತ್ಯವನ್ನು ಈ ಎಳೆಯಲ್ಲಿ ಯಾರೂ ಬರೆಯಬೇಡಿ.

ಹಳೆಕಾರ್ಟ್ರಿಜ್

ಸರಿ ಸ್ವಾಮಿ. ಅಂತ್ಯ ನೋಡಿ ಬಂದ ಮೇಲೆ ಹೊಸಬರು ತಾವಾಗಿಯೇ ಇಲ್ಲಿಗೆ ಬಂದು ಅಳುತ್ತಾರೆ, ಆಗ ಮಾತಾಡೋಣ.

ಬೈಟ್‌ಬೇಟೆ

ಹೀರೋಸ್ ಹೇಗೆ ಆಡುವುದು ಎಂಬ ಪ್ರಶ್ನೆ ಬಂದೇ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಗೇಮ್ ಬಾಯ್ ಅಡ್ವಾನ್ಸ್‌ಗೆ ಪ್ರಾಂತ್ಯದ ಬೀಗ ಇಲ್ಲ. ಜಪಾನಿನ ಕಾರ್ಟ್ರಿಜ್ ಯಾವ ದೇಶದ ಯಂತ್ರದಲ್ಲೂ ನಡೆಯುತ್ತದೆ. ನಿಂಟೆಂಡೊ ಡಿಎಸ್ ಮತ್ತು ಡಿಎಸ್ ಲೈಟ್‌ನ ಕೆಳಗಿನ ಕಿಂಡಿಯಲ್ಲೂ ನಡೆಯುತ್ತದೆ, ಆದರೆ ಡಿಎಸ್ಐ ಬಂದಾಗ ಆ ಕಿಂಡಿಯನ್ನೇ ತೆಗೆದರು. ಹಾಗಾಗಿ ಮೂಲ ಭಾಷೆಯಲ್ಲಿ ಆಡಲು ಯಂತ್ರದ ಕಡೆಯಿಂದ ತೊಡಕಿಲ್ಲ. ಕೊಳ್ಳುವಾಗ ನಕಲಿ ಕಾರ್ಟ್ರಿಜ್‌ಗಳ ಬಗ್ಗೆ ಎಚ್ಚರವಿರಲಿ. ಜಪಾನಿಗೆ ಮಾತ್ರ ಬಂದ ಆಟದ ಕಾರ್ಟ್ರಿಜ್ ಇಂಗ್ಲಿಷ್ ಹಣೆಪಟ್ಟಿ ಹಚ್ಚಿಕೊಂಡು ಬಂದರೆ ಅದು ಅಸಲಿಯಾಗಲು ಸಾಧ್ಯವೇ ಇಲ್ಲ. ಅಭಿಮಾನಿಗಳು ಉಚಿತವಾಗಿ ಕೊಟ್ಟ ಅನುವಾದವನ್ನು ಯಾರೋ ತುಂಬಿಸಿ ಮಾರುತ್ತಿದ್ದಾರೆ ಎಂದರ್ಥ.

ಅನುವಾದದ ಪ್ಯಾಚ್ ಎಂದರೆ ಆಟವಲ್ಲ, ಮೂಲಕ್ಕೂ ಅನುವಾದಕ್ಕೂ ಇರುವ ವ್ಯತ್ಯಾಸದ ಪಟ್ಟಿ ಅಷ್ಟೇ. ನಿಮ್ಮ ಬಳಿ ಮೂಲ ಇರಬೇಕು. ಹಳೆಯ ಐಪಿಎಸ್ ಮಾದರಿಯ ಪ್ಯಾಚ್ 16 ಮೆಗಾಬೈಟ್‌ವರೆಗೆ ಮಾತ್ರ ಕೈ ಚಾಚಬಲ್ಲದು, ಮೇಲಾಗಿ ಅದು ಮೂಲ ಸರಿಯಿದೆಯೇ ಎಂದು ನೋಡುವುದೇ ಇಲ್ಲ. ತಪ್ಪು ಕಡತಕ್ಕೆ ಹಚ್ಚಿದರೂ ಮಾತಿಲ್ಲದೆ ಹಚ್ಚಿಕೊಳ್ಳುತ್ತದೆ, ಆಟ ನಡುವೆಲ್ಲೋ ಕುಸಿಯುತ್ತದೆ. ಯುಪಿಎಸ್, ಬಿಪಿಎಸ್ ಮಾದರಿಗಳು ಮೊದಲು ಮೂಲವನ್ನು ತಾಳೆ ನೋಡುತ್ತವೆ, ಹೊಂದದಿದ್ದರೆ ಅಲ್ಲೇ ನಿಲ್ಲುತ್ತವೆ. ಆಟ ಅರ್ಧದಲ್ಲಿ ನಿಂತಿತೆಂದು ಅನುವಾದಕರನ್ನು ಬೈಯುವವರು ಮೊದಲು ಇದನ್ನು ನೋಡಿಕೊಳ್ಳಬೇಕು.

ಈ ಅನುವಾದದ ಕೆಲಸ ಎಷ್ಟು ಗೋಳಿನದು ಎಂದರೆ, ಭಾಷೆ ಬಂದರೆ ಅರ್ಧವೂ ಮುಗಿಯುವುದಿಲ್ಲ. ಜಪಾನಿ ಅಕ್ಷರಗಳೆಲ್ಲ ಒಂದೇ ಅಗಲದ ಚೌಕದಲ್ಲಿ ಕೂರುತ್ತವೆ. ಅದೇ ಚೌಕದಲ್ಲಿ ಇಂಗ್ಲಿಷ್ ಬರೆದರೆ ಪದಗಳು ಹಲ್ಲುಸಂದಿಯಂತೆ ಬಿಟ್ಟುಬಿಟ್ಟು ಕಾಣುತ್ತವೆ, ಒಂದು ಸಾಲಿಗೆ ನಾಲ್ಕು ಪದವೂ ಹಿಡಿಯುವುದಿಲ್ಲ. ಆಗ ಅಕ್ಷರಕ್ಕೆ ತಕ್ಕ ಅಗಲ ಕೊಡುವಂತೆ ಆಟದ ಕೋಡನ್ನೇ ತಿದ್ದಬೇಕು. ಸಂಭಾಷಣೆ ಉದ್ದವಾದರೆ ಹಳೆಯ ಜಾಗದಲ್ಲಿ ಹಿಡಿಯದು. ಕಡತದ ಕೊನೆಗೆ ಸಾಗಿಸಿ, ಅದರ ವಿಳಾಸವನ್ನು ಬರೆದಿಟ್ಟ ಜಾಗ ಹುಡುಕಿ ಬದಲಿಸಬೇಕು. ಅಡ್ವಾನ್ಸ್‌ನಲ್ಲಿ ಕಾರ್ಟ್ರಿಜ್‌ನ ವಿಳಾಸ ಶುರುವಾಗುವುದು ಹದಿನಾರರ ಎಣಿಕೆಯಲ್ಲಿ 08000000 ಎಂಬಲ್ಲಿಂದ. ಆ ಯಂತ್ರ ವಿಳಾಸವನ್ನು ಕೊನೆಯ ಬೈಟ್‌ನಿಂದ ಹಿಂದುಮುಂದಾಗಿ ಬರೆಯುತ್ತದೆ. ಹಾಗಾಗಿ ಅಂಕಿಗಳ ಕಾಡಿನಲ್ಲಿ ಪ್ರತಿ ನಾಲ್ಕನೆಯ ಜಾಗದಲ್ಲಿ 08 ಇರುವ ಸಾಲು ಕಂಡರೆ ವಿಳಾಸಗಳ ಪಟ್ಟಿ ಸಿಕ್ಕಿತು ಎಂದು ಹಿಗ್ಗಬಹುದು. 2006ರ 'ಮದರ್ 3'ಕ್ಕೆ 2008ರಲ್ಲಿ ಬಂದ ಅಭಿಮಾನಿಗಳ ಅನುವಾದದ ಹಿಂದೆಯೂ ಇಂಥದೇ ಬೆವರಿದೆ. ಒಂದು ಸಂಸ್ಥೆ ಮಾಡದೆ ಬಿಟ್ಟ ಕೆಲಸವನ್ನು ಸಂಬಳವಿಲ್ಲದವರು ಮಾಡಿದ್ದಾರೆ, ಅಷ್ಟಾದರೂ ನೆನಪಿರಲಿ.

ನಿಧಾನಿ

ಇಷ್ಟೆಲ್ಲ ಮಾಡಿದವರು ಮೂರು ಪಾತ್ರಗಳ ಮಾತಿನ ಧಾಟಿಯನ್ನೂ ಬೇರೆ ಬೇರೆಯಾಗಿ ಉಳಿಸಿದ್ದಾರೆ. ಗಂಟ್ಸ್‌ನ ಬಿಗುಮಾನ ಓದುವಾಗಲೇ ಕೇಳಿಸುತ್ತದೆ. ಕೈಮುಗಿದೆ.

ಲೆಕ್ಕಾಚಾರಿ

ಗಂಟ್ಸ್‌ನ ಮಾತು ಬಂದದ್ದರಿಂದ ಒಂದು ಅಳತೆ ಹೇಳಬೇಕು. ಅಡ್ವಾನ್ಸ್‌ನ ತೆರೆ 240 ಅಡ್ಡ, 160 ಉದ್ದ ಪಿಕ್ಸೆಲ್. ನಡುವೆ ನಿಂತ ಪಾತ್ರದ ಎತ್ತರ 32 ಪಿಕ್ಸೆಲ್ ಎಂದು ಹಿಡಿಯೋಣ. ತಲೆಯ ಮೇಲೆ ಉಳಿಯುವುದು 64 ಪಿಕ್ಸೆಲ್, ಅಂದರೆ ಎರಡು ಆಳಿನಷ್ಟು ಜಾಗ. ಕೆಳಗೂ ಅಷ್ಟೇ. ಪಕ್ಕದಿಂದ ನೋಡುವ ಪ್ಲಾಟ್‌ಫಾರ್ಮರ್‌ನಲ್ಲಿ ಇದು ಅಷ್ಟು ಕಾಡುವುದಿಲ್ಲ, ಏಕೆಂದರೆ ಅಲ್ಲಿ ಓಟ ಅಗಲದ ದಿಕ್ಕಿಗೆ. ನಾಯಕನನ್ನು ಒಂದು ಬದಿಗೆ ಸರಿಸಿ ಮುಂದಿನ ದಾರಿಯನ್ನು ಹೆಚ್ಚು ತೋರಿಸಬಹುದು. ಮೇಲಿನಿಂದ ನೋಡುವ ಆಟದಲ್ಲಿ ಶತ್ರು ಎಂಟು ದಿಕ್ಕಿನಿಂದ ಬರುತ್ತಾನೆ, ಯಾವ ಕಡೆಗೆ ಸರಿಸುತ್ತೀರಿ?

ಇಂಥ ತೆರೆಯಲ್ಲಿ "ದೂರದಿಂದ ಹೊಡೆಯುವವನು" ಎಂಬ ಪಾತ್ರಕ್ಕೆ ದೂರವೇ ಇಲ್ಲ. ಹಾಗಿದ್ದೂ ಗಂಟ್ಸ್‌ನನ್ನು ಆಡಿಸುವಾಗ ಬೇರೆ ಆಟ ಆಡಿದಂತೆ ಅನ್ನಿಸುವುದು ದೊಡ್ಡ ಮಾತು. ಕ್ಲೊನೋವಾನಾಗಿ ಶತ್ರುವಿನ ಕಡೆಗೆ ಓಡುತ್ತೀರಿ, ಗಂಟ್ಸ್ ಆಗಿ ಗುಂಡು ಹಾರಿಸುತ್ತ ಹಿಂದೆ ಸರಿಯುತ್ತೀರಿ, ಪಾಂಗೋ ಆಗಿ ಶತ್ರು ಎಲ್ಲಿಗೆ ಬರುತ್ತಾನೆ ಎಂದು ಊಹಿಸಿ ಅಲ್ಲಿ ಬಾಂಬ್ ಇಡುತ್ತೀರಿ. ಗಾಳಿಯುಂಗುರ ಅವರೇ, ನಿಮ್ಮ ಮೊದಲ ಬರಹದಲ್ಲಿ ಮೂಲ ಆಟದ ಹೆಚ್ಚುಗಾರಿಕೆ ಎಂದು ಹೇಳಿದ್ದು "ಶತ್ರುವನ್ನು ಎಲ್ಲಿ ನಿಲ್ಲಿಸಬೇಕು" ಎಂಬುದನ್ನು. ಪಾಂಗೋ ಕೇಳುವ ಪ್ರಶ್ನೆಯೂ ಅದೇ ಅಲ್ಲವೇ?

ನೆಗೆತಪ್ರಿಯೆ

ಇದು ಒಪ್ಪತಕ್ಕ ಮಾತು. ನನಗೂ ಹೀರೋಸ್‌ನಲ್ಲಿ ಅತಿ ಕ್ಲೊನೋವಾತನದ ಪಾತ್ರ ಪಾಂಗೋನೇ! ಬಾಂಬ್ ಇಟ್ಟು, ಒಂದು ಸುತ್ತು ಹಾಕಿ, ಶತ್ರುವನ್ನು ಬೆನ್ನಟ್ಟಿಸಿಕೊಂಡು ಬಂದು, ಅದು ಸಿಡಿಯುವ ಹೊತ್ತಿಗೆ ಅವನು ಅದರ ಪಕ್ಕದಲ್ಲಿರುವಂತೆ ನೋಡಿಕೊಳ್ಳುವುದು. ಲೆವೆಲ್ ಎಷ್ಟೇ ಇದ್ದರೂ ಬಾಂಬ್ ಸಿಡಿಯಲು ಹಿಡಿಯುವ ಹೊತ್ತು ಹಿಡಿಯುತ್ತದೆ. ದಾಳಿಯ ಅಂಕಿ ಏರಬಹುದು, ಕಾಲದ ಅಂಕಿ ಏರುವುದಿಲ್ಲ.

ಹೀಗಾಗಿ ನನ್ನ ದೂರು ಚಿಕ್ಕದಾಗಿದೆ: ಕೈಚಳಕ ಆಟದಲ್ಲಿದೆ, ನಾಯಕನ ಕೈಯಲ್ಲಿಲ್ಲ.

ಗುಲಾಬಿಗೋಳ

ಬಟನ್‌ಗಳ ಕೊರತೆಯನ್ನೂ ನೆನಪಿಡಿ. ಅಡ್ವಾನ್ಸ್‌ನಲ್ಲಿ ಆಟದ ಕೆಲಸಕ್ಕೆ ಸಿಗುವುದು ಎ, ಬಿ, ಎಲ್, ಆರ್ ನಾಲ್ಕೇ. 1993ರಲ್ಲಿ ಹಳೆಯ ಗೇಮ್ ಬಾಯ್‌ಗೆ ಬಂದ ಜೆಲ್ಡಾ ಸರಣಿಯ 'ಲಿಂಕ್ಸ್ ಅವೇಕನಿಂಗ್'ನಲ್ಲಂತೂ ಎರಡೇ ಇದ್ದವು. ಕತ್ತಿಯೂ ಅದರಲ್ಲಿ ಒಂದನ್ನು ತಿನ್ನುತ್ತಿತ್ತು, ನೆಗೆಯುವ ಗರಿ ಬೇಕೆಂದರೆ ಮೆನು ತೆರೆದು ಇನ್ನೊಂದನ್ನು ಇಳಿಸಬೇಕಿತ್ತು. 2019ರ ಮರುನಿರ್ಮಾಣದಲ್ಲಿ ಕತ್ತಿಗೆ ಕಾಯಂ ಬಟನ್ ಕೊಟ್ಟಾಗಲೇ ಆ ಕಿರಿಕಿರಿ ತಪ್ಪಿದ್ದು. ಅಂದಹಾಗೆ ಅದರಲ್ಲಿ ಪಕ್ಕದಿಂದ ನೋಡುವ ಸುರಂಗಗಳಿವೆ, ಮಾರಿಯೋನ ಗೂಂಬಾಗಳೂ ಇವೆ, ತಲೆಯ ಮೇಲೆ ನೆಗೆದು ತುಳಿಯಬಹುದು. ಮೇಲಿನಿಂದ ನೋಡುವ ಆಟ ಬೇಕೆಂದಾಗ ಪಕ್ಕಕ್ಕೆ ತಿರುಗಬಹುದು ಎಂದು ಆಗಲೇ ತೋರಿಸಿಕೊಟ್ಟಿದ್ದರು. ಹೀರೋಸ್ ಅಂಥ ಒಂದಷ್ಟು ಹಂತಗಳನ್ನೇ ನೆಚ್ಚಿಕೊಂಡಿದ್ದರೆ ಈ ಎಳೆ ಹುಟ್ಟುತ್ತಲೇ ಇರಲಿಲ್ಲವೇನೋ.

ಗಾಳಿಯುಂಗುರ

ಪಾಂಗೋನ ವಿಷಯದಲ್ಲಿ ಲೆಕ್ಕಾಚಾರಿಯವರ ವಾದ ಗಟ್ಟಿಯಾಗಿದೆ, ಅದಕ್ಕೆ ನನ್ನಲ್ಲಿ ಎದುರುತ್ತರವಿಲ್ಲ. ಆದರೆ ನೆಗೆತಪ್ರಿಯೆಯವರ ಕೊನೆಯ ಸಾಲು ನನ್ನ ಮಾತನ್ನು ನನಗಿಂತ ಚೆನ್ನಾಗಿ ಹೇಳಿತು. ಸರಣಿಯ ಹೆಸರು ಹೊತ್ತವನು ಮೂವರಲ್ಲಿ ಅತ್ಯಂತ ಸಾಧಾರಣನಾಗಿ ಉಳಿದಿದ್ದಾನೆ. ಅವನ ಉಂಗುರಕ್ಕೆ ಹಿಡಿಯುವ, ಒಯ್ಯುವ, ಬೇಕಾದಲ್ಲಿ ಇಳಿಸುವ ಶಕ್ತಿಯನ್ನು ಕಾದಾಟದ ನಡುಮಧ್ಯಕ್ಕೆ ತಂದಿದ್ದರೆ? ಒಬ್ಬ ಮೂವನ್ನು ಎತ್ತಿ ಪಾಂಗೋನ ಬಾಂಬ್ ಇಡಲು ತಕ್ಕ ಜಾಗದಲ್ಲಿ ಬಿಡುವುದು, ಗಂಟ್ಸ್‌ನ ಗುಂಡಿನ ಸಾಲಿಗೆ ತರುವುದು... ಮೂವರೂ ಒಟ್ಟಿಗೆ ತೆರೆಯ ಮೇಲೆ ಇಲ್ಲದ ಆಟದಲ್ಲಿ ಇದು ಆಗದ ಮಾತು ಎಂದು ಗೊತ್ತು. ಆಸೆ ಪಡಲು ಬಟನ್ ಬೇಕಿಲ್ಲವಲ್ಲ.

ಹಳೆಕಾರ್ಟ್ರಿಜ್

ಹೋಗಲಿ ಬಿಡಿ, ಅದು ಬಂದ ಸಮಯವನ್ನಾದರೂ ನೋಡಿ. 2002ರ ಡಿಸೆಂಬರಿನಲ್ಲಿ ಬಿಡುಗಡೆ; ತೆರೆಗೆ ಬೆಳಕಿರುವ ಅಡ್ವಾನ್ಸ್ ಎಸ್‌ಪಿ ಬಂದದ್ದು 2003ರ ಫೆಬ್ರವರಿಯಲ್ಲಿ. ಮೊದಲು ಕೊಂಡವರೆಲ್ಲ ಬೆಳಕಿಲ್ಲದ ತೆರೆಯನ್ನು ಕಿಟಕಿಯ ಕಡೆಗೆ ಓರೆಯಾಗಿ ಹಿಡಿದು ಆಡಿದ್ದಾರೆ. ಆ ಕಾಲದ ಆಟಗಳ ಬಣ್ಣ ಅಷ್ಟು ಕಣ್ಣು ಕುಕ್ಕುವುದು ಏಕೆಂದರೆ ಆ ಮಂಕು ತೆರೆಯಲ್ಲಿ ಕಾಣಲಿ ಎಂದು. ಈಗಿನ ಉಜ್ವಲ ತೆರೆಯಲ್ಲಿ ನೋಡಿ "ಬಣ್ಣ ಅತಿಯಾಯಿತು" ಎನ್ನುವವರಿಗೆ ನನ್ನ ಬಳಿ ತಾಳ್ಮೆಯಿಲ್ಲ.

ಹೊಸಬ

ಎಲ್ಲರಿಗೂ ಧನ್ಯವಾದ. ಮೊದಲ ಆಟ ಮುಗಿಸಿಯೇ ಹೀರೋಸ್‌ಗೆ ಬರುವುದೋ, ನೇರವಾಗಿ ಹೋಗುವುದೋ ಎಂಬ ಒಂದೇ ಗೊಂದಲ ಉಳಿದಿದೆ.

ನಿಧಾನಿ

ಬೆರಳು ಚುರುಕಾಗಿದ್ದರೆ ಮೊದಲ ಆಟ. ನನ್ನಂಥವರಾದರೆ ನೇರವಾಗಿ ಹೀರೋಸ್, ಪಾಂಗೋ ಸಿಕ್ಕ ಮೇಲೆ ಅವನನ್ನೇ ಹೆಚ್ಚು ಆಡಿಸಿ.

ನೆಗೆತಪ್ರಿಯೆ

ಮೊದಲ ಆಟವೇ ಮೊದಲು. ಸುಲಭ ಮಟ್ಟದಲ್ಲಾದರೂ ಸರಿ. ಒಂದು ಮೂವನ್ನು ಹಿಡಿದು, ಅದನ್ನೇ ತಳ್ಳಿ ಎರಡನೆಯ ಬಾರಿ ಮೇಲಕ್ಕೆ ಹೋಗದೆ ಈ ಎಳೆಯಲ್ಲಿ ನಾವು ಯಾವುದಕ್ಕಾಗಿ ಜಗಳವಾಡುತ್ತಿದ್ದೇವೆ ಎಂದು ನಿಮಗೆ ತಿಳಿಯುವುದಿಲ್ಲ.